ಹೇಳದೆ ಸರಿಪಡಿಸಿದ ಹೂವು

ಸ್ವೆಟರ್ ಹೆಣೆಯುವ ಯಂತ್ರಗಳನ್ನು ತಯಾರಿಸುವ ಆ ಕಾರ್ಖಾನೆಯಲ್ಲಿ ಅಕ್ಕ, ತಮ್ಮ ಇಬ್ಬರೂ ಕೆಲಸಕ್ಕಿದ್ದರು. ಯಂತ್ರದ ಪ್ರೋಗ್ರಾಮಿನಲ್ಲಿ ಸಿ ಭಾಷೆಯ ಪಾಲು ತಮ್ಮನದು, ಯಂತ್ರದ ನುಡಿಗೆ ತೀರ ಹತ್ತಿರದ ಅಸೆಂಬ್ಲಿ ಭಾಷೆಯ ಪಾಲು ಅಕ್ಕನದು. ವಿನ್ಯಾಸದ ಬಣ್ಣಗಳೆಲ್ಲ ಒಂದು ಸಾಲಿನಲ್ಲಿರುತ್ತವೆ, ಅವರ ಬಾಯಲ್ಲಿ ಅರೇ. ಅದು ಎಲ್ಲಿ ಶುರುವಾಗುತ್ತದೆ, ಎಷ್ಟನೆಯ ಬಣ್ಣ ಬೇಕು ಎಂದು ಅವನ ಕೋಡು ತಿಳಿಸುತ್ತದೆ. ಅವಳದು ಹುಡುಕಿ ತಂದುಕೊಡುತ್ತದೆ. ತಾಯಿ ತೀರಿಕೊಂಡ ಮೇಲೆ ಅವರ ನಡುವೆ ಉಳಿದ ಮಾತುಕತೆ ಅಂದರೆ ಇದೊಂದೇ. ನೋಡಿ, ಎಂಥ ಹಟ!

ಆಸ್ಪತ್ರೆಯಲ್ಲಿ ಅಮ್ಮನ ಉಸಿರು ಏರುಪೇರಾದಾಗ ಅಕ್ಕ ಹೊರಗಿನ ಬೆಂಚಿನ ಮೇಲೆ ನಿದ್ದೆ ಹೋಗಿದ್ದಳು. ತಮ್ಮ ಎಬ್ಬಿಸಲಿಲ್ಲ. ಅವಳು ತಾನಾಗಿ ಏಳುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ಪಾಪ, ದಣಿದಿದ್ದಾಳೆ ಅಂದುಕೊಂಡನಂತೆ. ಪಾಪ ಅಂತೆ! ಅವತ್ತು ಉರಿದ ಅವಳ ಹೊಟ್ಟೆ ಇನ್ನೂ ತಣ್ಣಗಾಗಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಂಡು, ಇರುವ ಒಂದು ತಟ್ಟೆ ತೊಳೆದು ಬೋರಲು ಹಾಕುತ್ತಿದ್ದಳು. ಬೈಯೋಣವೆಂದರೂ ಮನೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ.

ಒಂದು ದಿನ ಮಾದರಿ ಸ್ವೆಟರಿನಲ್ಲಿ ಹೂವಿರಬೇಕಾದ ಕಡೆ ಬರೀ ಚುಕ್ಕಿ: ಒಂದು ಕುಣಿಕೆಗೆ ಬಣ್ಣ, ಮುಂದಿನ ಮೂರು ಖಾಲಿ. ಅವಳಿಗೆ ಕಂಡ ಕೂಡಲೇ ಗೊತ್ತಾಯಿತು. ಇನ್ನಷ್ಟು ಬಣ್ಣ ಹಿಡಿಸಲಿ ಎಂದು ತಮ್ಮ ಪ್ರತಿ ಬಣ್ಣಕ್ಕೂ ಒಂದು ಬೈಟಿನ ಬದಲು ನಾಲ್ಕು ಬೈಟು ಜಾಗ ಕೊಟ್ಟಿದ್ದಾನೆ. ಸಿ ಭಾಷೆಯಾದರೆ ಆ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ. ಅಸೆಂಬ್ಲಿಗೆ ಅಂಥ ದಾಕ್ಷಿಣ್ಯ ಎಲ್ಲಿಯದು? ನಾಲ್ಕರಿಂದ ಗುಣಿಸು ಎಂದು ಬರೆದರೆ ಮಾತ್ರ ಗುಣಿಸುತ್ತದೆ. ಅವಳ ಕೋಡು ಇನ್ನೂ ಒಂದೊಂದೇ ಬೈಟು ದಾಟುತ್ತಿತ್ತು.

ಮೇಲಿನ ಮಹಡಿಯಲ್ಲಿ ಕೂರುವ ತಮ್ಮನನ್ನು ಕೇಳಿಯೇ ಬಿಡೋಣವೆಂದು ಮೆಟ್ಟಿಲವರೆಗೆ ಹೋದಳು. ಅಲ್ಲಿಂದಲೇ ಹಿಂತಿರುಗಿದಳು. ಗೊತ್ತಾದರೆ ಮ್ಯಾನೇಜರು ಅವನ ಮೇಲೆ ಹಾರಾಡುತ್ತಾರೆ, ಪಾಪ, ಅಂದುಕೊಂಡಳು. ತನ್ನ ಕಡೆಯಲ್ಲೇ ನಾಲ್ಕರ ಗುಣಾಕಾರ ಸೇರಿಸಿ, ಬ್ಯಾಗು ಹೆಗಲಿಗೇರಿಸಿ ಮನೆಗೆ ಹೋದಳು.

ಮರುದಿನ ಮ್ಯಾನೇಜರ ಕಣ್ಣೆದುರೇ ಯಂತ್ರ ಹೂವಿನ ಬಣ್ಣಗಳಲ್ಲಿ ಮೂರು ಬಿಟ್ಟು ಒಂದರಂತೆ ಹೆಣೆಯಿತು. ಅವು ಮುಗಿದ ಮೇಲೆ ಹೆಣೆದದ್ದು ಅರೇಯ ಆಚೆ ಮೆಮೊರಿಯಲ್ಲಿ ಬಿದ್ದಿದ್ದ ಕಸ.

"ಏನ್ರೀ ಇದು, ಸ್ವೆಟರಿಗೆ ಕಜ್ಜಿ ಆಗಿದ್ಯಲ್ಲಾ!" ಎಂದು ರೇಗಿ ಅವರು ಹೊರಟುಹೋದರು.

ಯಂತ್ರದ ಬಳಿ ಇಬ್ಬರೇ ಉಳಿದರು. ತಮ್ಮ ನೆಲ ನೋಡುತ್ತ ನಿಂತಿದ್ದ.

"ಮತ್ತೇನೋ ಮಾಡ್ದೆ?" ಅವಳ ಬಾಯಿಂದ ಬಂದೇಬಿಟ್ಟಿತು.

"ನಿನ್ನೆ ಆ ಚುಕ್ಕಿ ನೋಡಿ, ನಿನಗ್ಯಾಕೆ ತೊಂದ್ರೆ ಅಂತ ವಾಪಸ್ ಒಂದೇ ಬೈಟ್ ಮಾಡ್ದೆ ಅಕ್ಕಾ."

"ಅಯ್ಯೋ, ನಾನು ನಾಲ್ಕಕ್ಕೆ ಸರಿ ಮಾಡಿದ್ನಲ್ಲೋ! ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

"ನೀನು ಹೇಳಿದ್ಯಾ?"

ಅವಳೂ ಪಾಪ ಅಂದುಕೊಂಡು ಸುಮ್ಮನಾಗಿದ್ದಳಲ್ಲ, ಅವನು ಬೆಂಚಿನ ಹತ್ತಿರ ನಿಂತು ಸುಮ್ಮನಾದ ಹಾಗೆಯೇ. ದುಃಖ ಒತ್ತರಿಸಿ ಬಂತು.

"ಅವತ್ತು ನನ್ನನ್ನ ಎಬ್ಬಿಸಬೇಕಿತ್ತು ಕಣೋ."

"ಹೂಂ," ಎಂದ ತಮ್ಮ. "ಎಬ್ಬಿಸಬೇಕಿತ್ತು."

ಅವಳು ಆ ಕೆಟ್ಟ ಸ್ವೆಟರಿನಲ್ಲೇ ಮುಖ ಒರೆಸಿಕೊಂಡಳು. ಆಮೇಲೆ, "ಈಗ ಬಾಯಿಬಿಟ್ಟು ಹೇಳು, ಒಂದೋ, ನಾಲ್ಕೋ?" ಎಂದಳು.