ವೇಲಾ ಗೋಪುರದಲ್ಲಿ ಐದು ಪೆಟ್ಟು

ಅಲಾಂಬ್ರ ಕೋಟೆಯ ವೇಲಾ ಗೋಪುರದಲ್ಲಿ ಇಪ್ಪತ್ತೆರಡು ವರ್ಷ ಕಾವಲಿದ್ದರೂ ಕಸಿಲ್ದಾ ಅಲ್ಲಿನ ಗಂಟೆಯ ಹಗ್ಗವನ್ನು ಒಮ್ಮೆಯೂ ಎಳೆದವಳಲ್ಲ. ಪ್ರತಿ ಜನವರಿ ಎರಡರಂದು ಗ್ರನಾಡದ ಮದುವೆಯಾಗದ ಹುಡುಗಿಯರು ಮೆಟ್ಟಿಲು ಹತ್ತಿ ಬರುತ್ತಾರೆ. ಅಂದು ಗಂಟೆ ಹೊಡೆದವಳಿಗೆ ವರ್ಷದೊಳಗೆ ಕಂಕಣಬಲ ಕೂಡಿಬರುತ್ತದಂತೆ. ಅವರನ್ನು ಸಾಲಿನಲ್ಲಿ ನಿಲ್ಲಿಸಿ, “ಒಬ್ಬರಿಗೆ ಒಂದೇ ಎಳೆತ!” ಎಂದು ಕೂಗುವುದು ಕಸಿಲ್ದಾಳ ಕೆಲಸ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಅವಳಿಗೆ ಐವತ್ತನಾಲ್ಕು ತುಂಬಿತ್ತು.

ಕಳೆದ ಶರತ್ಕಾಲದಲ್ಲಿ ಅವಳ ಮನೆಯ ಓಣಿಗೆ ಹೊಳೆಗಲ್ಲು ಹಾಸಲು ಬಾಲ್ದೊಮೇರೊ ಬಂದ. ವಿಧುರ, ಅರವತ್ತಮೂರರ ವಯಸ್ಸು. ಕಲ್ಲು ಬಡಿದು ಬಡಿದು ಒಂದು ಕಿವಿ ಮಂದ. ಮೂರು ವಾರ ಅವಳು ಕೊಟ್ಟ ಕಾಫಿ ಕುಡಿದ. ಕೆಲಸ ಮುಗಿದ ದಿನ ಪ್ಲಾಸಾ ನುಯೇವಾ ಚೌಕದ ಬೆಂಚಿನ ಮೇಲೆ ಸುಟ್ಟ ಚೆಸ್ಟ್‌ನಟ್ ಸುಲಿಯುತ್ತ ಅಪ್ಪನ ಕಥೆ ಹೇಳಿದ. ಊರಾಚೆಯ ಬಯಲಲ್ಲಿ ಅವರ ಹೊಲ. ಹಿಂದೆ ಆಳಿದ ಮೂರ್ ಮುಸ್ಲಿಂ ಅರಸರ ಕಾಲದ ಕಾಲುವೆಗಳ ನೀರಿಗೆ ಯಾರ ಸರದಿಯೆಂದು ಆಗ ವೇಲಾ ಗಂಟೆಯೇ ಸಾರುತ್ತಿತ್ತು. ಮೂರು ಪೆಟ್ಟು, ತುಸು ಬಿಡುವು, ಮತ್ತೆರಡು ಎಂದರೆ ಅವರ ಹೊಲದ ಸರದಿ; ಅದು ಕೇಳಿದರೆ ಅಪ್ಪ ನಿದ್ದೆಯಲ್ಲಿದ್ದರೂ ಎದ್ದು ಗುದ್ದಲಿ ಹೆಗಲಿಗೇರಿಸುತ್ತಿದ್ದ.

ಆಮೇಲೆ ಅದೇ ದನಿಯಲ್ಲಿ ಕೇಳಿದ: “ಮಂಡಿ ಸವೆದಿದೆ, ಕಿವಿ ಅರ್ಧ. ಆದ್ರೂ ಕೇಳ್ತೀನಿ. ನನ್ನ ಮದ್ವೆ ಆಗ್ತೀಯಾ?”

ಕಸಿಲ್ದಾ ಮುಖ ಕೆಂಪಾಗಿದ್ದನ್ನು ಮುಚ್ಚಿಕೊಳ್ಳಲು ತಮಾಷೆ ಮಾಡಿದಳು. “ಜನವರಿ ಎರಡಕ್ಕೆ ಗಂಟೆ ಕೇಳಿಸ್ಕೋ. ನಾನು ಹೊಡೆದ್ರೆ ಹೂಂ ಅಂತ.”

“ಅವತ್ತು ಊರಿನ ಹುಡುಗೀರೆಲ್ಲ ಹೊಡೀತಾರಲ್ಲೇ ಮಾರಾಯ್ತಿ! ನಿಂದು ಯಾವ್ದಂತ ಗೊತ್ತಾಗೋದು ಹೇಗೆ?”

“ಗೊತ್ತಾಗ್ದಿದ್ರೆ ನಿನ್ನ ಹಣೆಬರಹ.”

ಮಾತು ಬಾಯಿಂದ ಜಾರಿತ್ತು. ಹಿಂದಕ್ಕೆ ತೆಗೆದುಕೊಳ್ಳಲು ಅವಳ ಬಿಂಕ ಬಿಡಲಿಲ್ಲ. ಆ ಅರ್ಧ ಕಿವಿಯ ನೆನಪಾದಾಗಲೆಲ್ಲ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಜನವರಿ ಎರಡು, ಮಧ್ಯಾಹ್ನ. ಕಸಿಲ್ದಾ ತನ್ನ ಕಾವಲಿನ ಸೀಟಿಯನ್ನು ಜೊತೆಗಾತಿ ನೀವೆಸ್‌ಳ ಕೈಗಿತ್ತು ಸಾಲಿನ ಕೊನೆಗೆ ಹೋಗಿ ನಿಂತಳು.

“ಯಾರಕ್ಕಾ ಗಂಡು, ಈ ವಯಸ್ಸಲ್ಲಿ?” ಮುಂದಿದ್ದ ಹುಡುಗಿ ಕಿಸಕ್ಕನೆ ನಕ್ಕಳು.

“ಒಬ್ಬ ಕಲ್ಲು ಕುಟ್ಟೋನು. ನಿನಗೆ?”

“ಇನ್ನೂ ಸಿಕ್ಕಿಲ್ಲ.”

“ಹಾಗಾದ್ರೆ ಜೋರಾಗಿ ಎಳಿ.”

ಮುಕ್ಕಾಲು ಗಂಟೆ ಕಳೆದ ಮೇಲೆ ಹಗ್ಗ ಅವಳ ಕೈಗೆ ಬಂತು. ಎಣಿಸಿದ್ದಕ್ಕಿಂತ ಭಾರವಿತ್ತು. ಎಳೆದಳು: ಒಂದು, ಎರಡು, ಮೂರು. ಅಲ್ಲಿಗೆ ನಿಲ್ಲಿಸಿ ನಾಲ್ಕು ಉಸಿರು ಕಾದಳು.

“ಒಬ್ಬರಿಗೆ ಒಂದೇ ಎಳೆತ!” ಆಮೇಲೆ ಬಂದು ಹಿಂದೆ ನಿಂತಿದ್ದ ಹುಡುಗಿಯರೆಲ್ಲ ಅವಳದೇ ದನಿ ಅಣಕಿಸಿ ಕೂಗಿದರು.

“ಬಾಯ್ಮುಚ್ರೇ, ಲೆಕ್ಕ ತಪ್ಪುತ್ತೆ!” ಎಂದವಳೇ ಮತ್ತೆರಡು ಹೊಡೆದಳು.

ಪಾಳಿ ಮುಗಿಸಿ ಇಳಿದು ಬಂದಾಗ ಪ್ಲಾಸಾ ನುಯೇವಾದ ಬೆಂಚು ಖಾಲಿ. ಕಸಿಲ್ದಾ ಕೋಟಿನ ಗುಂಡಿ ಕತ್ತಿನವರೆಗೂ ಹಾಕಿಕೊಂಡು ಹತ್ತು ನಿಮಿಷ ಕೂತಳು. ಇನ್ನೂ ಹತ್ತು ನಿಮಿಷ. ಎದ್ದೇಬಿಡೋಣ ಎನ್ನುವಷ್ಟರಲ್ಲಿ ಚೌಕದ ಆ ತುದಿಯಲ್ಲಿ ಕುಂಟುತ್ತ ಬರುತ್ತಿದ್ದವನು ಕಂಡ. ಹೆಗಲ ಮೇಲೆ ಮಣ್ಣು ಹಿಡಿದ ಹಳೆಯ ಗುದ್ದಲಿ.

“ಅಪ್ಪನ ಗುದ್ದಲಿ. ಅಣ್ಣನ ಮನೆಗೆ ಹೋಗಿ ತರ್ಬೇಕಾಯ್ತು, ಬಸ್ಸು ತಡ,” ಎಂದ ಬಾಲ್ದೊಮೇರೊ, ಏದುಸಿರು ಬಿಡುತ್ತ. “ನಮ್ಮ ಸರದಿ ಅಂತ ಕೇಳಿಸ್ತು.”

“ಮೊದ್ಲು ಅದನ್ನ ಕೆಳಗಿಡು. ಜನ ನೋಡ್ತಿದ್ದಾರೆ.”

ಅವನು ಇಡಲಿಲ್ಲ. ಮೂಲೆಯ ಹೋಟೆಲಿನಲ್ಲಿ ಇಬ್ಬರೂ ಬಿಸಿ ಬೇಳೆಸಾರು ಉಂಡೇಳುವವರೆಗೂ ಗುದ್ದಲಿ ಮೂರನೆಯ ಕುರ್ಚಿಗೆ ಒರಗಿಕೊಂಡೇ ಇತ್ತು.