ಬೇವಿನ ಮರಕ್ಕೆ ಹಾಕಿಸಿದ ಸಹಿ

ಅಮರಾಪುರದ ಕಡೆಯಿಂದ ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಬಂದ ನನಗೆ ಆ ಊರಲ್ಲಿ ಮೊದಲು ಹಿಡಿಸಿದ್ದು ಒಂದು ಬೇವಿನ ಮರ. ನಮ್ಮ ಹೊಲಿಗೆ ಶೆಡ್ಡಿನ ಪಕ್ಕದ ಖಾಲಿ ಜಾಗದಲ್ಲಿತ್ತು. ಬೆಳಗಿನಿಂದ ತಗಡಿನ ಕೆಳಗೆ ಬೆಂದ ಇಪ್ಪತ್ತು ಹೆಂಗಸರು ಮಧ್ಯಾಹ್ನ ಅದರ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಬೆರಳಿಗೆ ಹತ್ತಿದ ನೀಲಿ ಎಷ್ಟು ತೊಳೆದರೂ ಹೋಗದೆ ಮುದ್ದೆಗೂ ಹತ್ತುತ್ತಿತ್ತು.

ಮುಂದೆ ಮಾಲೀಕರು ಆ ಜಾಗವನ್ನೂ ಕೊಂಡರು. ಹೊಸ ಶೆಡ್ ಬರುತ್ತದೆಂದು ಅಳತೆಯವರು ಬಂದು ಅಲ್ಲಿದ್ದ ಬೇವು, ಅರಳಿ, ಹೊಂಗೆ ಮೂರೂ ಮರಗಳಿಗೆ ಸುಣ್ಣದ ಗುರುತು ಹಾಕಿ ಹೋದರು. ಬೇವಿನ ಕಥೆ ಏನೆಂದು ನಮ್ಮ ಕಟಿಂಗ್ ಮಾಸ್ಟರನ್ನು ಕೇಳಿದೆ. ನನಗೆ ಮಿಷನ್ ಮುಂದೆ ಕೂರಲು ಕಲಿಸಿದವರೇ ಅವರು, ಅಣ್ಣ ಎನ್ನುತ್ತಿದ್ದೆ.

ಎರಡು ದಿನ ಬಿಟ್ಟು ಅವರು ಮಡಿಚಿದ ಕಾಗದವೊಂದನ್ನು ತಂದುಕೊಟ್ಟರು.

"ಬೇವು ಉಳಸ್ರಿ ಅಂತ ಮುನ್ಸಿಪಾಲ್ಟಿಗೆ ಅರ್ಜಿ ಬರಿಸೀನಿ. ಎಲ್ಲಾರ ಕೈಲೆ ಸಹಿ ಹಾಕಿಸವ್ವ. ನೀ ಹೇಳಿದ್ರ ಹಾಕ್ತಾರ."

ಆಂಧ್ರದ ಊರಾದ್ದರಿಂದ ಅರ್ಜಿ ತೆಲುಗಿನಲ್ಲಿತ್ತು. ತೆಲುಗು ಮಾತಾಡುವುದು ನನಗೆ ಸಲೀಸು, ಆದರೆ ಓದಿದ್ದು ಕನ್ನಡ ಶಾಲೆಯಲ್ಲಿ. ಅಕ್ಷರಗಳು ನಮ್ಮವನ್ನೇ ಹೋಲುತ್ತವಾದರೂ ಆ ಅವಸರದ ಕೈಬರಹ ಬಿಡಿಸಲಾಗಲಿಲ್ಲ. 'ಚೆಟ್ಟು' ಎಂಬ ಪದ ಸಿಕ್ಕಿತು, ಅಂದರೆ ಮರ. ಅಷ್ಟು ಸಾಕೆನಿಸಿತು. ಓದಲು ಬರಲಿಲ್ಲವೆಂದು ಹೇಳಲು ನಾಚಿಕೆಯೂ ಆಯಿತು. ಹೆಂಗಸರಂತೂ ಕಾಗದ ಬಿಡಿಸಿಯೂ ನೋಡದೆ, ನನ್ನ ಮಾತಿನ ಮೇಲೆ ಹಿಂಬದಿಯಲ್ಲಿ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಕಾಗದವನ್ನು ಮಾಸ್ಟರಿಗೇ ಮರಳಿಸಿದೆ.

ಮುಂದಿನ ವಾರ ಕೆಲಸಕ್ಕೆ ಹೋದಾಗ ಬೇವು ನೆಲಕ್ಕುರುಳಿತ್ತು. ಗರಗಸದವರು ಕೊಂಬೆ ಕೊಯ್ಯುತ್ತಿದ್ದರು. ನಮ್ಮಲ್ಲಿ ಹಿರಿಯಳಾದ ಒಬ್ಬಾಕೆಯನ್ನು ಕರೆದುಕೊಂಡು ಸೀದಾ ಮುನ್ಸಿಪಾಲಿಟಿಗೆ ಹೋದೆ. ಅರ್ಜಿ ಏನಾಯಿತೆಂದು ಕೇಳಿದ್ದಕ್ಕೆ ಅಲ್ಲಿಯ ಗುಮಾಸ್ತರು ಅದನ್ನು ತೆಗೆದು ನೋಡಿದರು.

"ಕೊಂಬಿ ಮುರದು ಬೀಳ್ತಾವ, ನಮಗ ಜೀವಭಯ ಐತಿ, ಈ ಮರ ತಗೀರಿ ಅಂತ ನೀವ ಬರದೀರಲ್ರಿ. ಇಲ್ಲೇ ಸಹಿ ಅದಾವ ನೋಡ್ರಿ."

ಮೊದಲನೆಯ ಸಹಿ ನನ್ನದು, ಕನ್ನಡದಲ್ಲಿ.

ಶೆಡ್ಡಿಗೆ ಮರಳಿದಾಗ ಮಾಸ್ಟರು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು.

"ಯಾಕಣ್ಣ ಹಿಂಗ್ ಮಾಡ್ದೆ?" ಎಂದೆ.

ಅವರು ತಲೆ ಎತ್ತಲಿಲ್ಲ. "ಬೇವು ಲಾರಿ ತಿರಗೋ ದಾರ್ಯಾಗ ಇತ್ತವ್ವ. ಮಾಲೀಕರು ಕೇಳಿದ್ರ ಆಫೀಸಿನವರು ತಿಂಗಳಾನುಗಟ್ಲೆ ಓಡಾಡಿಸ್ತಿದ್ರು. ಹೆಣ್ಮಕ್ಕಳು ಕೇಳಿದ್ರ ಲಗೂ ಆಗ್ತೈತಿ."

"ನನಗಾದ್ರೂ ನಿಜ ಹೇಳ್ಬೋದಿತ್ತಲ್ಲ."

"ಹೇಳಿದ್ರ ನೀ ಸಹಿ ಹಾಕಿಸ್ತಿದ್ದೇನು?"

ನಾನು ಎಂಥವಳೆಂದು ಸರಿಯಾಗಿ ತಿಳಿದೇ ಅವರು ನನ್ನನ್ನು ಆರಿಸಿಕೊಂಡಿದ್ದರು. ಮಿಕ್ಕ ಎರಡು ಮರಗಳು ಉಳಿದವು. ಅರಳಿಯ ಬುಡದಲ್ಲಿ ನಾಗರಕಲ್ಲಿತ್ತು, ಗರಗಸದವರು ಮುಟ್ಟಲೊಲ್ಲೆವು ಎಂದರು. ಹೊಂಗೆಯ ನೆರಳು ಮಾಲೀಕರ ಕಾರು ನಿಲ್ಲಿಸಲು ಬೇಕಾಗಿತ್ತು.

ಮಧ್ಯಾಹ್ನ ಮಿಷನ್ನುಗಳ ನಡುವೆಯೇ ಊಟಕ್ಕೆ ಕುಳಿತೆವು. ನನ್ನ ಜೊತೆ ಬಂದಿದ್ದಾಕೆ ಎಲ್ಲರಿಗೂ ವಿಷಯ ಹೇಳಿದ್ದಳು.

"ನೀ ಓದಿರ್ತಿ ಅಂತ ಹಾಕಿದ್ವಿ," ಎಂದಳು.

"ನಂಗೆ ಓದಕ್ಕೆ ಬರ್ಲಿಲ್ಲಕ್ಕ."

"ಅವತ್ತ ಹೇಳಬೇಕಿತ್ತಲ್ಲ ಮತ್ತ?"

ದನಿಯಲ್ಲಿ ಸಿಟ್ಟಿರಲಿಲ್ಲ. ಬುತ್ತಿ ಎತ್ತಿಕೊಂಡು ಆಚೆ ಸಾಲಿಗೆ ಹೋದಳು. ಒಬ್ಬೊಬ್ಬರಾಗಿ ಉಳಿದವರೂ ಎದ್ದರು.