ಲಾಡಿ ಕಟ್ಟಿಕೊಂಡು ಕಲಿತ ಬಟರ್‌ಫ್ಲೈ

ಮಕ್ಕಳೇ, ಆ ಸಿಟ್ಟು ಇನ್ನೂ ಆರಿಲ್ಲ. ನಿಮ್ಮ ತಾತ ತೀರಿಹೋದ ಮೇಲೆ ನಾನು ಭದ್ರಾವತಿಯಿಂದ ಬಸ್ ಹಿಡಿದು ಶಿವಮೊಗ್ಗದ ಈಜುಕೊಳಕ್ಕೆ, ಹೆಂಗಸರ ಸಮಯಕ್ಕೆ ಹೋಗುತ್ತಿದ್ದೆ. ಅಲ್ಲಿನ ಟೀಚರ್ ಹುಡುಗಿಯರಿಗೆ ಬಟರ್‌ಫ್ಲೈ, ಅಂದರೆ ಎರಡೂ ಕೈಗಳನ್ನು ಚಿಟ್ಟೆಯ ರೆಕ್ಕೆಯಂತೆ ಒಟ್ಟಿಗೆ ಬೀಸುವ ಈಜು, ಕಲಿಸುತ್ತಿದ್ದರು. ನನಗೂ ಕಲಿಸಿ ಎಂದು ಹೇಗೋ ಬಾಯಿಬಿಟ್ಟು ಕೇಳಿದೆ.

“ಅಯ್ಯೋ ಅಮ್ಮಾ, ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ? ಸುಮ್ನೆ ತೇಲ್ತಾ ಇರಿ,” ಎಂದರು. ಹುಡುಗಿಯರು ನಕ್ಕರು. ನಾನು ತಲೆ ತಗ್ಗಿಸಿದೆ.

ಅಂದಿನಿಂದ ಮೂಲೆಯಲ್ಲಿ ನಿಂತು ನೋಡಿಯೇ ಕಲಿತೆ. ಎರಡು ಕಾಲನ್ನೂ ಜೋಡಿಸಿ ಬಡಿಯಬೇಕು. ಊರಿನ ಕಾಲುವೆಯಲ್ಲಿ ಕಪ್ಪೆಯಂತೆ ಈಜಿದ ನನ್ನ ಕಾಲುಗಳು ಮಾತು ಕೇಳದೆ ಅಗಲವಾಗಿಬಿಡುತ್ತಿದ್ದವು. ಸೊಂಟಮಟ್ಟದ ನೀರಿನಲ್ಲಿ ಹಳೆಯ ಲಂಗದ ಲಾಡಿಯಿಂದ ಪಾದಗಳನ್ನು ಕಟ್ಟಿಕೊಂಡು, ಸಿಟ್ಟನ್ನೆಲ್ಲ ನೀರಿಗೆ ಬಡಿದೆ.

ಬಟರ್‌ಫ್ಲೈ ಈಜುತ್ತಲೇ ಕೊಳದ ಅಗಲ ದಾಟಿದ ದಿನ ಟೀಚರ್ ಚಪ್ಪಾಳೆ ತಟ್ಟಿ, “ನೋಡ್ರೇ, ನನ್ನ ಸ್ಟೂಡೆಂಟು!” ಎಂದರು.

“ನೀವು ಕಲಿಸಿಲ್ಲ,” ಎಂದೆ, ಎಲ್ಲರಿಗೂ ಕೇಳುವಂತೆ.